ಪಾಲಿಗೆ ಬಂದದ್ದು

ಭಾನುವಾರದ ಬಲಿಪೂಜೆ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದಲ್ಲಿ ಮಕ್ಕಳಿಗೆ ಧರ್ಮೋಪದೇಶದ ತರಗತಿ ನಡೆಯುತ್ತದೆ. ಅಂಥ ಒಂದು ಭಾನುವಾರ ನಾನು ಅಬ್ರಹಾಮ ಮತ್ತು ಅವನ ಸಹೋದರನ ಮಗ ಲೋಟನ ಕಥೆಯನ್ನು ಹೇಳುತ್ತಿದ್ದೆ. ಇಬ್ಬರ ದನಕುರಿಗಳೂ ಹೆಚ್ಚಿ, ಮೇವಿಗಾಗಿ ಅವರ ದನಗಾಹಿಗಳು ಜಗಳವಾಡತೊಡಗಿದಾಗ, ಹಿರಿಯನಾದ ಅಬ್ರಹಾಮನು ಆಯ್ಕೆಯನ್ನು ಕಿರಿಯನಿಗೇ ಬಿಟ್ಟುಕೊಟ್ಟನು. ಲೋಟನು ಕಣ್ಣೆತ್ತಿ ನೋಡಿ, ನೀರಾವರಿಯಿದ್ದ ಜೋರ್ಡನ್ ಬಯಲನ್ನು ಆರಿಸಿಕೊಂಡನು. 'ಲೋಟ' ಎಂಬ ಹೆಸರು ಕೇಳಿದೊಡನೆ ಮಕ್ಕಳಿಗೆ ನೀರು ಕುಡಿಯುವ ಲೋಟ ನೆನಪಾಗಿ ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆಗ ಐದನೆಯ ತರಗತಿಯಲ್ಲಿ ಓದುವ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಸ್ವಾಮಿ, ಇಂಗ್ಲಿಷ್ ಬೈಬಲ್ಲಿನಲ್ಲಿ ಇವನ ಹೆಸರು ಲಾಟ್ ಅಂತ ಇದೆ. 'ಥ್ಯಾಂಕ್ಸ್ ಎ ಲಾಟ್' ಅಂತೀವಲ್ಲ, ಆ ಲಾಟ್ ಇವನೇನಾ? ಇವನು ತುಂಬ ಜಮೀನು ತೆಗೆದುಕೊಂಡನು ಅಂತ ಆ ಹೆಸರು ಬಂತಾ?"

ಇಂಥ ಪ್ರಶ್ನೆಗಳನ್ನು ಕೇಳುವ ಮಕ್ಕಳನ್ನು ಕಂಡರೆ ನನಗೆ ಪ್ರೀತಿ. ಲೋಟನ ಹೆಸರು ಹೀಬ್ರೂ ಭಾಷೆಯದು, ಇಂಗ್ಲಿಷಿನ ಆ ಪದಕ್ಕೂ ಅದಕ್ಕೂ ಸಂಬಂಧವಿಲ್ಲ, ಅಕ್ಷರಗಳು ಹೊಂದಿಕೊಂಡಿವೆ ಅಷ್ಟೇ ಎಂದು ಹೇಳಿದೆ. "ಹಾಗಾದರೆ ಆ ಪದ ಎಲ್ಲಿಂದ ಬಂತು?" ಎಂದು ಅವಳು ಬಿಡಲಿಲ್ಲ. ಮುಂದಿನ ಭಾನುವಾರ ಹೇಳುತ್ತೇನೆಂದು ಮಾತು ಕೊಟ್ಟು, ಆ ವಾರ ನಿಘಂಟುಗಳನ್ನು ತೆರೆದು ಕುಳಿತೆ. ಒಂದು ಪುಟ್ಟ ಪದದ ಬೆನ್ನು ಹತ್ತಿ ಹೊರಟವನು ಕೊನೆಗೆ ಬಂದು ನಿಂತದ್ದು ನನ್ನ ಬಾಲ್ಯದ ಮನೆಯ ಜಗಲಿಯ ಮೇಲೆ. ಅಲ್ಲಿಗೆ ಮರಳಿ ಹೋಗಲು ನನಗೆ ಅಷ್ಟೇನೂ ಇಷ್ಟವಿರಲಿಲ್ಲ.

ಪ್ರಿಯ ಓದುಗರೇ, ಈ 'ಲಾಟ್' ಎಂಬ ಪದವನ್ನು ಇಂಗ್ಲಿಷ್ ಬಾರದವರೂ ದಿನಕ್ಕೊಮ್ಮೆಯಾದರೂ ಬಳಸುತ್ತಾರೆ. ಮಾರುಕಟ್ಟೆ ಪ್ರಾಂಗಣಕ್ಕೆ ಅಡಿಕೆಯನ್ನೋ ಮೆಣಸಿನಕಾಯಿಯನ್ನೋ ಕೊಂಡೊಯ್ದ ರೈತನ ರಾಶಿಗೆ ಒಂದು ಲಾಟ್ ನಂಬರು ಬೀಳುತ್ತದೆ. ಬಟ್ಟೆಯ ಅಂಗಡಿಯವನು "ಇದು ಹೊಸ ಲಾಟು" ಎಂದು ಗಂಟು ಬಿಚ್ಚುತ್ತಾನೆ. ಗೃಹಮಂಡಳಿಯವರು ನಿವೇಶನಗಳನ್ನು 'ಅಲಾಟ್' ಮಾಡುತ್ತಾರೆ. ಅಮೆರಿಕದಲ್ಲಿರುವ ನಮ್ಮ ಮಕ್ಕಳು ಕಾರನ್ನು ಪಾರ್ಕಿಂಗ್ ಲಾಟಿನಲ್ಲಿ ನಿಲ್ಲಿಸುತ್ತಾರೆ. ಎಷ್ಟೋ ಮನೆಗಳ ನೆಮ್ಮದಿಯನ್ನು ಕೆಡಿಸಿ, 2007ರಲ್ಲಿ ನಮ್ಮ ರಾಜ್ಯದಲ್ಲಿ ನಿಷೇಧಕ್ಕೊಳಗಾದ ಲಾಟರಿಯೂ ಇದೇ ಕುಲದ್ದು. ರಾಶಿ, ಗುಂಪು, ಭೂಮಿಯ ತುಂಡು, ಹಂಚಿಕೆ, ಜೂಜು, ಅದೃಷ್ಟ, ಇವೆಲ್ಲದರ ಜೊತೆಗೆ 'ಬಹಳ' ಎಂಬ ಅರ್ಥ ಬೇರೆ. ಒಂದೇ ಪದದಲ್ಲಿ ಇಷ್ಟೊಂದು ಅರ್ಥಗಳು ಹೇಗೆ ಸೇರಿದವು?

ಹಳೆಯ ಇಂಗ್ಲಿಷಿನಲ್ಲಿ ಈ ಪದ 'ಹ್ಲೊಟ್' ಎಂದಿತ್ತು. ಅದರ ಅರ್ಥ, ಯಾವುದನ್ನಾದರೂ ತೀರ್ಮಾನಿಸಲು ಹಾಕುವ ಗುರುತಿನ ತುಂಡು. ನಾವು 'ಚೀಟಿ ಹಾಕುವುದು' ಎನ್ನುತ್ತೇವಲ್ಲ, ಆ ಚೀಟಿ. ಕಾಗದವಿಲ್ಲದ ಕಾಲದಲ್ಲಿ ಚೀಟಿಯೆಂದರೆ ಮರದ ಚಕ್ಕೆ. ರೋಮಿನ ಇತಿಹಾಸಕಾರ ಟ್ಯಾಸಿಟಸ್ ಕ್ರಿ.ಶ. 98ರ ಸುಮಾರಿನಲ್ಲಿ ಬರೆದ 'ಜರ್ಮೇನಿಯ' ಎಂಬ ಗ್ರಂಥದಲ್ಲಿ ಜರ್ಮನ್ ಬುಡಕಟ್ಟುಗಳ ಈ ಪದ್ಧತಿಯನ್ನು ವಿವರಿಸಿದ್ದಾನೆ. ಫಲ ಕೊಡುವ ಮರದ ಕೊಂಬೆಯೊಂದನ್ನು ಕಡಿದು, ಸಣ್ಣ ತುಂಡುಗಳಾಗಿ ಮಾಡಿ, ಒಂದೊಂದಕ್ಕೂ ಗುರುತು ಹಾಕಿ, ಬಿಳಿಯ ಬಟ್ಟೆಯ ಮೇಲೆ ಚೆಲ್ಲುತ್ತಿದ್ದರಂತೆ. ಊರಿನ ಕಾರ್ಯವಾದರೆ ಪೂಜಾರಿ, ಮನೆಯ ಕಾರ್ಯವಾದರೆ ಮನೆಯ ಯಜಮಾನ, ಆಕಾಶದತ್ತ ಮುಖವೆತ್ತಿ ಪ್ರಾರ್ಥಿಸಿ ಮೂರು ತುಂಡುಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತಿದ್ದನು.

ಆ ತುಂಡಿನಿಂದಲೇ ಮುಂದಿನ ಅರ್ಥಗಳೆಲ್ಲ ಹುಟ್ಟಿದವು. ಚೀಟಿ ಎತ್ತಿದಾಗ ಒಬ್ಬನಿಗೆ ಬಂದ ಭಾಗವೂ 'ಲಾಟ್' ಆಯಿತು. ಬದುಕಿನಲ್ಲಿ ಒಬ್ಬನ ಪಾಲಿಗೆ ಬಂದ ಸುಖದುಃಖಗಳೂ ಅವನ 'ಲಾಟ್' ಆದವು. ಹದಿನೇಳನೆಯ ಶತಮಾನದಲ್ಲಿ ಅಮೆರಿಕಕ್ಕೆ ವಲಸೆ ಹೋದ ಇಂಗ್ಲಿಷರು ಹೊಸ ಊರುಗಳನ್ನು ಕಟ್ಟುವಾಗ ಜಮೀನನ್ನು ಚೀಟಿ ಹಾಕಿ ಹಂಚಿಕೊಂಡರು. ಅದರಿಂದ ಅಲ್ಲಿ ನಿವೇಶನಕ್ಕೇ ಆ ಹೆಸರು ನಿಂತಿತು. ಹರಾಜಿನಲ್ಲಿ ಒಟ್ಟಿಗೆ ಕೂಗುವ ಸರಕಿನ ಭಾಗಕ್ಕೂ ಅದೇ ಹೆಸರು. ಆಮೇಲೆ ಯಾವುದೇ ಗುಂಪಿಗೂ, ರಾಶಿಗೂ ಆ ಪದ ಸಲ್ಲತೊಡಗಿತು. ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ 'ಎ ಲಾಟ್' ಎಂದರೆ 'ಬಹಳ' ಎಂಬುದು ಜನರ ಬಾಯಲ್ಲಿ ನೆಲೆಗೊಂಡಿತು. ಹೀಗೆ ಚಕ್ಕೆಯಿಂದ ಪಾಲು, ಪಾಲಿನಿಂದ ರಾಶಿ, ರಾಶಿಯಿಂದ 'ಬಹಳ'. ಅಂದಹಾಗೆ, ಮತದಾನಕ್ಕೆ ಹೇಳುವ 'ಬ್ಯಾಲಟ್' ಈ ಕುಲದ್ದಲ್ಲ. ಅದು 'ಪುಟ್ಟ ಚೆಂಡು' ಎಂಬ ಅರ್ಥದ ಇಟಾಲಿಯನ್ ಪದದಿಂದ ಬಂದದ್ದು.

ಇಷ್ಟನ್ನು ಬರೆದುಕೊಂಡು ನೋಡಿದಾಗ ನನಗೆ ನಮ್ಮ ಕನ್ನಡದ 'ಪಾಲು' ನೆನಪಾಯಿತು. ಅದೂ ಹೀಗೆಯೇ ಅಲ್ಲವೇ? ಆಸ್ತಿಯ ಭಾಗವೂ ಪಾಲು, ಅದೃಷ್ಟವೂ ಪಾಲು. "ಅವನ ಪಾಲಿಗೆ ಆ ದಿನ ಕರಾಳವಾಯಿತು" ಎನ್ನುವಾಗ ನಾವು ಜಮೀನಿನ ಮಾತನ್ನು ಆಡುತ್ತಿರುವುದಿಲ್ಲ. ಪಾಲು ಎಂಬುದು 'ಬಹಳ' ಎಂಬ ಅರ್ಥವನ್ನು ಮುಟ್ಟುವ ಗಾದೆಯೂ ನಮ್ಮಲ್ಲಿದೆ: ಪಾಲಿಗೆ ಬಂದದ್ದು ಪಂಚಾಮೃತ. ಬಂದದ್ದು ಚಿಕ್ಕದಾದರೂ ಅದೇ ತುಂಬಿದ ಬಟ್ಟಲು ಎಂಬ ಭಾವ ಅದರಲ್ಲಿದೆ. ಈ ಗಾದೆಯನ್ನು ನಾನು ಮೊದಲು ಕೇಳಿದ್ದು ನನ್ನ ತಂದೆಯ ಬಾಯಿಂದ, ನನ್ನ ಒಂಬತ್ತನೆಯ ವಯಸ್ಸಿನಲ್ಲಿ, ಮನೆಯ ಜಗಲಿಯ ಮೇಲೆ.

ನಮ್ಮ ಅಜ್ಜ ತೀರಿಕೊಂಡ ಮರುವರ್ಷ, 1979ರಲ್ಲಿ, ಮನೆ ಪಾಲಾಯಿತು. ನನ್ನ ದೊಡ್ಡಪ್ಪ, ನನ್ನ ತಂದೆ, ಚಿಕ್ಕಪ್ಪ, ಹೀಗೆ ಮೂವರು ಗಂಡುಮಕ್ಕಳು. ಕೆರೆಯ ಕೆಳಗಿನ ಗದ್ದೆ ಒಂದು ಪಾಲು, ರಸ್ತೆಯ ಬದಿಯ ರಾಗಿ ಹೊಲ ಮತ್ತೊಂದು, ಗುಡ್ಡದ ಮಗ್ಗುಲಿನ ಕಲ್ಲು ಹೊಲ ಮೂರನೆಯದು. ಕಲ್ಲು ಹೊಲ ಅಳತೆಯಲ್ಲಿ ದೊಡ್ಡದು, ಅದರಲ್ಲಿ ಎರಡು ಹುಣಸೆಮರಗಳು ಬೇರೆ ಇವೆ, ಆದ್ದರಿಂದ ಮೂರೂ ಸಮವೆಂದು ಊರಿನ ಹಿರಿಯರು ತೀರ್ಮಾನಿಸಿದರು. ಚರ್ಚಿನ ಉಪದೇಶಿಗಳು ಪ್ರಾರ್ಥನೆ ಹೇಳಿ, ಮೂರು ಚೀಟಿ ಬರೆದು, ಮಡಿಸಿ, ರಾಗಿ ಅಳೆಯುವ ಸೇರಿನೊಳಗೆ ಹಾಕಿ ಕುಲುಕಿದರು. ಚೀಟಿ ಎತ್ತಲು ಕಪಟವರಿಯದ ಕೈ ಬೇಕೆಂದು ಮನೆಯಲ್ಲಿ ಅತ್ಯಂತ ಚಿಕ್ಕವನಾದ ನನ್ನನ್ನು ಕರೆದರು. ಮೊದಲನೆಯದು ದೊಡ್ಡಪ್ಪನಿಗೆ: ಗದ್ದೆ. ಎರಡನೆಯದು ನನ್ನ ತಂದೆಗೆ: ಕಲ್ಲು ಹೊಲ. ಉಳಿದದ್ದು ಚಿಕ್ಕಪ್ಪನಿಗೆ. ನನ್ನ ತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದದ್ದನ್ನು ಕಂಡೆ. ನನ್ನ ಕೈ ತಪ್ಪು ಮಾಡಿತೆಂದು ನನಗೆ ಅಳು ಬಂದಿತು. ತಂದೆಯವರು ನನ್ನ ತಲೆಯ ಮೇಲೆ ಕೈಯಿಟ್ಟು, "ಪಾಲಿಗೆ ಬಂದದ್ದು ಪಂಚಾಮೃತ, ಏಳು" ಎಂದರು. ಮತ್ತೆಂದೂ ಅವರು ಆ ಚೀಟಿಯ ಮಾತನ್ನು ಎತ್ತಲಿಲ್ಲ. ಕಲ್ಲನ್ನು ಆಯ್ದು ಬದು ಹಾಕಿದರು, ಹುರುಳಿ ಬಿತ್ತಿದರು, ಹುಣಸೆಯನ್ನು ಕಾಪಾಡಿದರು. ನಾನು ಗುರುಮಠ ಸೇರುವಾಗ ಪೆಟ್ಟಿಗೆ, ಹಾಸಿಗೆ ಕೊಂಡದ್ದು ಆ ಹುಣಸೆಯ ಹಣದಲ್ಲಿ.

ಆ ದಿನ ಜಗಲಿಯ ಮೇಲೆ ನಡೆದ ಇನ್ನೊಂದು ಸಂಗತಿಯಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಚೀಟಿ ಎತ್ತಲು ಮಗುವನ್ನು ಕರೆಯುವ ಪದ್ಧತಿ ನಮ್ಮ ಊರಿನದು ಮಾತ್ರವಲ್ಲವೆಂದು ಬಹಳ ವರ್ಷಗಳ ನಂತರ ತಿಳಿದೆ. ತಮಿಳುನಾಡಿನ ಉತ್ತರಮೇರೂರಿನಲ್ಲಿ ಚೋಳ ದೊರೆ ಮೊದಲನೆಯ ಪರಾಂತಕನ ಕಾಲದ, 919 ಮತ್ತು 921ನೆಯ ಇಸವಿಗಳ ಶಾಸನಗಳಿವೆ. ಊರಿನ ಮೂವತ್ತು ಕೇರಿಗಳಿಂದ ಸಭೆಯ ಸದಸ್ಯರನ್ನು ಆರಿಸುವ ಕ್ರಮವನ್ನು ಅವು ಹೇಳುತ್ತವೆ. ಅದರ ಹೆಸರು 'ಕುಡವೋಲೈ', ನಮ್ಮ ಮಾತಿನಲ್ಲಿ ಕೊಡದ ಓಲೆ. ಅರ್ಹರ ಹೆಸರುಗಳನ್ನು ಓಲೆಗಳಲ್ಲಿ ಬರೆದು ಕೊಡಕ್ಕೆ ಹಾಕಿ, ಏನೂ ಅರಿಯದ ಬಾಲಕನಿಂದ ಎತ್ತಿಸುತ್ತಿದ್ದರು. ಆದರೆ ಎಲ್ಲರ ಹೆಸರೂ ಕೊಡಕ್ಕೆ ಬೀಳುತ್ತಿರಲಿಲ್ಲ. ಹಿಂದೆ ಅಧಿಕಾರದಲ್ಲಿದ್ದು ಲೆಕ್ಕ ಒಪ್ಪಿಸದವರ ಹೆಸರನ್ನು ಬರೆಯಲೇಬಾರದೆಂಬ ನಿಯಮವಿತ್ತು. ಈಜಿಪ್ಟಿನ ಕೋಪ್ಟಿಕ್ ಕ್ರೈಸ್ತರು ತಮ್ಮ ಪಿತೃಪ್ರಧಾನರನ್ನು ಆರಿಸಿಕೊಳ್ಳುವುದೂ ಹೀಗೆಯೇ. 2012ರ ನವೆಂಬರ್ 4ರಂದು ಕೈರೋ ನಗರದ ಸಂತ ಮಾರ್ಕರ ಮಹಾದೇವಾಲಯದಲ್ಲಿ, ಗಾಜಿನ ಪಾತ್ರೆಯಲ್ಲಿದ್ದ ಮೂರು ಹೆಸರುಗಳಲ್ಲಿ ಒಂದನ್ನು ಕಣ್ಣಿಗೆ ಬಟ್ಟೆ ಕಟ್ಟಿದ ಬಾಲಕನು ಎತ್ತಿದನು. ಹಾಗೆ ಬಂದವರೇ ಎರಡನೆಯ ತವಾದ್ರೋಸ್. ಆ ಸುದ್ದಿಯ ಚಿತ್ರವನ್ನು ಪತ್ರಿಕೆಯಲ್ಲಿ ಕಂಡಾಗ ನಾನು ಬಹಳ ಹೊತ್ತು ಆ ಹುಡುಗನ ಕೈಯನ್ನೇ ನೋಡುತ್ತ ಕುಳಿತೆ. ನಮ್ಮ ದೇಶದ ಕಾನೂನೂ ಚೀಟಿಯನ್ನು ಕೈಬಿಟ್ಟಿಲ್ಲ. ಚುನಾವಣೆಯಲ್ಲಿ ಇಬ್ಬರು ಅಭ್ಯರ್ಥಿಗಳಿಗೆ ಸಮನಾದ ಮತಗಳು ಬಂದರೆ, 1951ರ ಜನಪ್ರಾತಿನಿಧ್ಯ ಕಾಯ್ದೆಯ ಪ್ರಕಾರ ಚೀಟಿ ಎತ್ತಿಯೇ ತೀರ್ಮಾನಿಸಬೇಕು.

ಪವಿತ್ರ ಗ್ರಂಥವನ್ನು ತೆರೆದರೆ ಚೀಟಿಯ ಪ್ರಸಂಗಗಳು ಒಂದೆರಡಲ್ಲ. ಯೆಹೋಶುವನು ಶಿಲೋವಿನಲ್ಲಿ ದೇವರ ಸನ್ನಿಧಿಯಲ್ಲಿ ಚೀಟಿ ಹಾಕಿ ಏಳು ಕುಲಗಳಿಗೆ ನಾಡನ್ನು ಹಂಚಿದನು. ಇಸ್ರಯೇಲರ ಮೊದಲ ಅರಸ ಸೌಲನು ಚೀಟಿಯಿಂದಲೇ ಗೊತ್ತಾದನು. ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ ನಾವಿಕರು ಚೀಟಿ ಹಾಕಿದಾಗ ಅದು ಯೋನನ ಹೆಸರಿಗೆ ಬಿದ್ದಿತು. ಸ್ನಾನಿಕ ಯೊವಾನ್ನನ ತಂದೆ ಜಕರೀಯನು ಧೂಪವನ್ನು ಅರ್ಪಿಸಲು ದೇವಾಲಯದ ಒಳಗೆ ಹೋದದ್ದೂ ಚೀಟಿಯ ಸರದಿಯಿಂದ. ಯೂದನ ಸ್ಥಾನವನ್ನು ತುಂಬಬೇಕಾಗಿ ಬಂದಾಗ ಪ್ರೇಷಿತರು ಇಬ್ಬರನ್ನು ನಿಲ್ಲಿಸಿ, ಪ್ರಾರ್ಥಿಸಿ, ಚೀಟಿ ಹಾಕಿದರು. ಅದು ಮತ್ತೀಯನಿಗೆ ಬಂದಿತು. ಮಡಿಲಿಗೆ ಚೀಟಿ ಹಾಕುವವನು ಮನುಷ್ಯನಾದರೂ ಅದರ ತೀರ್ಪು ದೇವರದೆಂಬ ನಂಬಿಕೆಯನ್ನು ಜ್ಞಾನೋಕ್ತಿಗಳ ಗ್ರಂಥವೂ ಹೇಳುತ್ತದೆ.

ಮತ್ತೀಯನ ಆ ಪ್ರಸಂಗದಲ್ಲಿ ಚೀಟಿಗೆ ಬಳಸಿರುವ ಗ್ರೀಕ್ ಪದ 'ಕ್ಲೇರೊಸ್'. ಇಂಗ್ಲಿಷಿನ ಲಾಟಿನಂತೆಯೇ ಅದಕ್ಕೂ ಚೀಟಿ, ಪಾಲು, ಪಿತ್ರಾರ್ಜಿತ ಎಂಬ ಅರ್ಥಗಳಿವೆ. ಗುರುಮಠದಲ್ಲಿ ನಮಗೆ ಗ್ರೀಕ್ ಕಲಿಸಿದ ಹಿರಿಯ ಗುರುಗಳು ಒಂದು ದಿನ ಕರಿಹಲಗೆಯ ಮೇಲೆ ಆ ಪದವನ್ನು ಬರೆದು, "ಇದು ನಿಮ್ಮ ಹೆಸರು" ಎಂದರು. ನಾವು ಮುಖ ಮುಖ ನೋಡಿಕೊಂಡೆವು. ಯಾಜಕವರ್ಗಕ್ಕೆ ಇಂಗ್ಲಿಷಿನಲ್ಲಿ ಹೇಳುವ 'ಕ್ಲರ್ಜಿ' ಹುಟ್ಟಿದ್ದು ಈ ಕ್ಲೇರೊಸ್‌ನಿಂದ. ಒಂದು ಕಾಲದಲ್ಲಿ ಐರೋಪ್ಯ ದೇಶಗಳಲ್ಲಿ ಓದುಬರಹ ಬಲ್ಲವರು ಹೆಚ್ಚಾಗಿ ಯಾಜಕರೇ ಆಗಿದ್ದುದರಿಂದ ಕಚೇರಿಯ 'ಕ್ಲಾರ್ಕ್' ಕೂಡ ಇದರಿಂದಲೇ ಬಂದನು. ಸಂತ ಜೆರೋಮರು ಕ್ರಿ.ಶ. 394ರ ಸುಮಾರಿನಲ್ಲಿ ನೆಪೋತಿಯನ್ ಎಂಬ ಯುವ ಯಾಜಕನಿಗೆ ಬರೆದ ಪತ್ರದಲ್ಲಿ ಈ ಹೆಸರಿನ ಅರ್ಥವನ್ನು ಬಿಡಿಸಿ ಹೇಳಿದ್ದಾರೆ: ಯಾಜಕರು ಪ್ರಭುವಿನ ಪಾಲಾಗಿದ್ದಾರೆ, ಅಥವಾ ಪ್ರಭುವೇ ಅವರ ಪಾಲಾಗಿದ್ದಾರೆ, ಅದಕ್ಕೆ ಆ ಹೆಸರು. ಲೇವಿ ಕುಲದವರಿಗೆ ಇತರ ಕುಲಗಳಂತೆ ನಾಡಿನಲ್ಲಿ ಪಾಲಿರಲಿಲ್ಲ, ದೇವರೇ ಅವರ ಪಾಲು ಎಂಬುದನ್ನು ಇಲ್ಲಿ ನೆನೆಯಬೇಕು. ನಮ್ಮ ಆ ಗುರುಗಳ ಕಾಲದಲ್ಲಿ ಯಾಜಕವರ್ಗವನ್ನು ಸೇರುವವರ ತಲೆಗೂದಲನ್ನು ಸ್ವಲ್ಪ ಕತ್ತರಿಸುವ ವಿಧಿಯಿತ್ತು. ಆಗ ಅಭ್ಯರ್ಥಿಯು ಹದಿನಾರನೆಯ ಕೀರ್ತನೆಯ ಮಾತಿನಿಂದ ಪ್ರಭುವೇ ತನ್ನ ಪಾಲೆಂದು ಒಪ್ಪಿಕೊಳ್ಳುತ್ತಿದ್ದನು. ಆರನೆಯ ಪೌಲ್ ಜಗದ್ಗುರುಗಳು 1972ರಲ್ಲಿ ಆ ವಿಧಿಯನ್ನು ನಿಲ್ಲಿಸಿದರು. ವಿಧಿ ನಿಂತರೂ ಹೆಸರು ಉಳಿದಿದೆ.

ಆ ದಿನ ನಾನು ಹೆಮ್ಮೆಯಿಂದ ಬೀಗಿದೆ. ಕಲ್ಲು ಹೊಲದ ಚೀಟಿ ಎತ್ತಿದ ಹುಡುಗನಿಗೆ ದೇವರೇ ಪಾಲಾಗಿ ಬಂದರಲ್ಲ ಎಂದುಕೊಂಡೆ. ಆದರೆ ಅದೇ ಪದ ಪೇತ್ರನ ಮೊದಲನೆಯ ಪತ್ರದ ಐದನೆಯ ಅಧ್ಯಾಯದಲ್ಲಿಯೂ ಬರುತ್ತದೆಂಬುದನ್ನು ಗಮನಿಸಲು ನನಗೆ ಬಹಳ ವರ್ಷಗಳೇ ಬೇಕಾದವು. ಅಲ್ಲಿ ಸಭಾಹಿರಿಯರಿಗೆ ಒಪ್ಪಿಸಲಾದ ಮಂದೆಯನ್ನೇ, ಎಂದರೆ ವಿಶ್ವಾಸಿಗಳನ್ನೇ, 'ಕ್ಲೇರೊಸ್' ಎಂದು ಕರೆಯಲಾಗಿದೆ. ಅವರ ಮೇಲೆ ದೊರೆತನ ಮಾಡಬೇಡಿ, ಅವರಿಗೆ ಮಾದರಿಯಾಗಿರಿ ಎಂಬುದು ಅಲ್ಲಿನ ಬೋಧೆ. ಹಾಗಾದರೆ ಯಾಜಕನ ಪಾಲು ಪ್ರಭು ಮಾತ್ರವಲ್ಲ. ಅವನ ಧರ್ಮಕೇಂದ್ರದ ಜನರೂ ಹೌದು. ಈ ಪಾಲನ್ನು ನಾನು ಹೇಗೆ ಕಾಪಾಡಿದೆ?

ಕೆಲವು ವರ್ಷಗಳ ಹಿಂದೆ, ನಾನು ಆಗ ಸೇವೆ ಸಲ್ಲಿಸುತ್ತಿದ್ದ ಧರ್ಮಕೇಂದ್ರದಲ್ಲಿ ಇಬ್ಬರು ಅಣ್ಣತಮ್ಮಂದಿರು ನನ್ನಲ್ಲಿಗೆ ಬಂದರು. ತಂದೆ ಉಯಿಲು ಬರೆಯದೆ ತೀರಿಕೊಂಡಿದ್ದರು. ನ್ಯಾಯಾಲಯದ ಮೆಟ್ಟಿಲು ಹತ್ತುವುದು ಬೇಡ, ಸ್ವಾಮಿಗಳು ಮುಂದೆ ನಿಂತು ಪಾಲು ಮಾಡಿಕೊಡಲಿ ಎಂಬುದು ಅವರ ಕೋರಿಕೆ. ಅಣ್ಣತಮ್ಮಂದಿರು ಜಗಳವಿಲ್ಲದೆ ಬೇರೆಯಾಗುವುದು ಈ ಕಾಲದಲ್ಲಿ ದೊಡ್ಡ ಮಾತು. ನಾನು ಸಂತೋಷದಿಂದ ಹೋದೆ. ಜಮೀನನ್ನೂ ಮನೆಯನ್ನೂ ಎರಡು ಪಾಲು ಮಾಡಿ, ಎರಡು ಚೀಟಿ ಬರೆದು, ಪ್ರಾರ್ಥಿಸಿ, ಮಗುವಿನ ಕೈಯಿಂದ ಎತ್ತಿಸಿ, ಎಲ್ಲರನ್ನೂ ಆಶೀರ್ವದಿಸಿ, ಊಟ ಮಾಡಿ ಬಂದೆ. ಮರುಭಾನುವಾರದ ಪ್ರಬೋಧನೆಯಲ್ಲಿ ಆ ಮನೆಯ ಒಗ್ಗಟ್ಟನ್ನು ಹೊಗಳಿದೆ ಕೂಡ.

ಮೂರು ವಾರಗಳ ಮೇಲೆ ಅವರ ತಾಯಿ ನನ್ನ ಕಚೇರಿಗೆ ಬಂದರು. ವೃದ್ಧಾಶ್ರಮವೊಂದಕ್ಕೆ ಶಿಫಾರಸಿನ ಪತ್ರ ಬೇಕಾಗಿತ್ತು. ನಾನು ಕಾಗದ ತೆಗೆದುಕೊಂಡು, "ಯಾಕಮ್ಮ, ಮಕ್ಕಳಿದ್ದಾರಲ್ಲ?" ಎಂದೆ. ಆ ತಾಯಿ ಮಕ್ಕಳನ್ನು ದೂರಲಿಲ್ಲ. "ಇದ್ದಾರೆ ಸ್ವಾಮಿ. ದೊಡ್ಡವನು, ಅಮ್ಮ ತಮ್ಮನ ಪಾಲಿಗೆ ಅಂತಾನೆ. ಚಿಕ್ಕವನು, ಅಣ್ಣನ ಪಾಲಿಗೆ ಅಂತಾನೆ. ಅವತ್ತು ಚೀಟಿ ಬರೆದದ್ದು ನೀವೇ. ನನ್ನ ಹೆಸರನ್ನು ಯಾವ ಚೀಟಿಯಲ್ಲಿ ಬರೆದಿರಿ ಅಂತ ನೀವೇ ಹೇಳಿಬಿಟ್ಟರೆ ನಾನು ಆ ಮನೆಗೆ ಹೋಗ್ತೀನಿ" ಎಂದರು. ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ತಿಳಿಯಬೇಕಾಗಿತ್ತು.

ಪತ್ರ ಬರೆಯಲು ನನ್ನ ಕೈ ಏಳಲಿಲ್ಲ. ಅದುವರೆಗೆ ನಾನು ಮರೆತೇಬಿಟ್ಟಿದ್ದ ಒಂದು ದನಿ ಆಗ ನನಗೆ ಕೇಳಿಸಿತು. 1979ರ ಆ ದಿನ, ಮೂರು ಚೀಟಿಗಳೂ ಮುಗಿದು, ಖಾಲಿ ಸೇರು ನನ್ನ ಕಾಲ ಬಳಿ ಬಿದ್ದಿದ್ದಾಗ, ಕಂಬಕ್ಕೆ ಒರಗಿ ಕುಳಿತಿದ್ದ ನಮ್ಮ ಅಜ್ಜಿ ಕೇಳಿದ್ದರು: "ನನ್ನ ಚೀಟಿ ಬರೆಯಲಿಲ್ಲವೇನಪ್ಪ?" ಎಲ್ಲರೂ ನಕ್ಕಿದ್ದರು. "ನೀನು ಮೂವರಿಗೂ ಸೇರಿದವಳಲ್ಲವೇ ಅವ್ವ" ಎಂದು ದೊಡ್ಡಪ್ಪ ಹೇಳಿದ್ದರು. ಮೂವರಿಗೂ ಸೇರಿದ ಅಜ್ಜಿ ಅಲ್ಲಿಂದ ಮುಂದೆ ಒಂದೊಂದು ಮನೆಯಲ್ಲಿ ನಾಲ್ಕು ನಾಲ್ಕು ತಿಂಗಳಂತೆ, ತಗಡಿನ ಪೆಟ್ಟಿಗೆಯೊಂದಿಗೆ ಸುತ್ತಿದರು. ನಾಲ್ಕನೆಯ ತಿಂಗಳ ಕೊನೆಯ ದಿನ ಬೆಳಿಗ್ಗೆಯೇ ಪೆಟ್ಟಿಗೆಯನ್ನು ಹೊಸಲಿನ ಬಳಿ ಇಟ್ಟುಕೊಂಡು ಕುಳಿತಿರುತ್ತಿದ್ದರು. ಯಾರೂ ಅವರನ್ನು ಉಪವಾಸ ಕೆಡವಲಿಲ್ಲ, ನಿಜ. ಆದರೆ 'ನನ್ನದು' ಎಂದು ಕೂರಲು ಅವರಿಗೆ ಒಂದು ಮೂಲೆಯೂ ಇರಲಿಲ್ಲ. ಇಬ್ಬರು ಸೋದರತ್ತೆಯರ ಮಾತಂತೂ ಆ ದಿನ ಯಾರ ಬಾಯಿಂದಲೂ ಬರಲಿಲ್ಲ. ನಾನು ಬಾಲ್ಯವೆಲ್ಲ ಚೀಟಿ ಎತ್ತಿದ ಕೈಗಾಗಿ ಮರುಗಿದ್ದೆ. ತಪ್ಪು ಎತ್ತಿದ ಕೈಯಲ್ಲಿರಲಿಲ್ಲ, ಬರೆದ ಕೈಯಲ್ಲಿತ್ತು. ನಲವತ್ತು ವರ್ಷಗಳು ಕಳೆದು, ಗುರುಮಠದಲ್ಲಿ ಓದಿ, ಗ್ರೀಕ್ ಕಲಿತು, ನಾನೇ ಬರೆಯಲು ಕುಳಿತಾಗಲೂ ಅದೇ ತಪ್ಪನ್ನು ಮಾಡಿದ್ದೆ.

ಇದು ಕೇವಲ ಕರುಣೆಯ ಪ್ರಶ್ನೆಯಲ್ಲ. ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ಅನೇಕರಿಗೆ ತಿಳಿದಿಲ್ಲವೆಂದು ಹೇಳುತ್ತಿದ್ದೇನೆ: ನಮಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಗಂಡನು ಉಯಿಲು ಬರೆಯದೆ ತೀರಿಕೊಂಡು, ಅವನಿಗೆ ಹೆಂಡತಿಯೂ ಮಕ್ಕಳೂ ಇದ್ದರೆ, ಅವನ ಆಸ್ತಿಯ ಮೂರನೆಯ ಒಂದು ಭಾಗ ಹೆಂಡತಿಗೆ ಸಲ್ಲಬೇಕು. ಉಳಿದ ಎರಡು ಭಾಗ ಮಕ್ಕಳಿಗೆ, ಗಂಡು ಹೆಣ್ಣೆಂಬ ಭೇದವಿಲ್ಲದೆ ಸಮನಾಗಿ. ನೆರೆಯ ಕೇರಳದ ಹಳೆಯ ತಿರುವಾಂಕೂರು ಪ್ರದೇಶದಲ್ಲಿ ಕ್ರೈಸ್ತ ಹೆಣ್ಣುಮಕ್ಕಳಿಗೆ ಅತ್ಯಲ್ಪ ಪಾಲನ್ನು ಕೊಡುವ ಬೇರೊಂದು ಕಾನೂನು ನಡೆಯುತ್ತಿತ್ತು. ಮೇರಿ ರಾಯ್ ಎಂಬ ಮಹಿಳೆ ಅದನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 1986ರಲ್ಲಿ ಬಂದ ತೀರ್ಪು ಅಲ್ಲಿಗೂ 1925ರ ಕಾಯ್ದೆಯೇ ಅನ್ವಯಿಸುತ್ತದೆಂದು ಸಾರಿತು. ನಮ್ಮಜ್ಜಿ ಕೇಳಿದ್ದು ಅವರಿಗೆ ಕಾನೂನೇ ಕೊಟ್ಟಿದ್ದ ಪಾಲನ್ನು. ನಾವು ಅದನ್ನು ತಮಾಷೆಯೆಂದು ತಿಳಿದು ನಕ್ಕೆವು.

ಕಾನೂನಿಗಿಂತ ಬಹಳ ಮೊದಲೇ ಪವಿತ್ರ ಗ್ರಂಥ ಈ ಮಾತನ್ನು ಹೇಳಿತ್ತು. ಸಂಖ್ಯಾಕಾಂಡದ ಇಪ್ಪತ್ತಾರನೆಯ ಅಧ್ಯಾಯದಲ್ಲಿ, ನಾಡನ್ನು ಚೀಟಿ ಹಾಕಿ ಹಂಚಬೇಕೆಂಬ ಆಜ್ಞೆಯಿದೆ. ಮರು ಅಧ್ಯಾಯದ ಆರಂಭದಲ್ಲಿಯೇ ಚಲ್ಪಹಾದನೆಂಬುವನ ಐದು ಹೆಣ್ಣುಮಕ್ಕಳು ಮೋಶೆಯ ಮುಂದೆ, ಯಾಜಕನ ಮುಂದೆ, ಇಡೀ ಸಭೆಯ ಮುಂದೆ ಬಂದು ನಿಲ್ಲುತ್ತಾರೆ. ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ ಎಂದು ಅವರ ಹೆಸರುಗಳನ್ನೂ ಗ್ರಂಥ ದಾಖಲಿಸಿದೆ. ತಂದೆಗೆ ಗಂಡುಮಕ್ಕಳಿಲ್ಲವೆಂಬ ಕಾರಣಕ್ಕೆ ನಮಗೆ ಪಾಲಿಲ್ಲವೇ ಎಂದು ಅವರು ಕೇಳುತ್ತಾರೆ. ಮೋಶೆ ನಗಲಿಲ್ಲ. ಪ್ರಶ್ನೆಯನ್ನು ದೇವರ ಮುಂದಿಟ್ಟನು. ಆ ಹೆಣ್ಣುಮಕ್ಕಳು ಹೇಳುವುದು ನ್ಯಾಯ, ಅವರಿಗೆ ಪಾಲು ಕೊಡಬೇಕು ಎಂದು ದೇವರು ತೀರ್ಪಿತ್ತರು. ಚೀಟಿಯ ತೀರ್ಪು ದೇವರದೆಂದು ನಂಬಿದ ಜನಕ್ಕೆ, ಬರೆಯದೆ ಬಿಟ್ಟ ಚೀಟಿಯನ್ನು ಬರೆಯಿರೆಂದು ದೇವರೇ ಹೇಳಬೇಕಾಯಿತು.

ಹೊಸ ಒಡಂಬಡಿಕೆಯಲ್ಲಿಯೂ ಇಂಥದೇ ಒಂದು ಘಟನೆಯಿದೆ. ಮತ್ತೀಯನ ಆಯ್ಕೆಯಾದ ಮೇಲೆ, ಪಂಚಾಶತ್ತಮ ದಿನದಂದು ಪವಿತ್ರಾತ್ಮರು ಇಳಿದು ಬಂದರು. ಅಲ್ಲಿಂದ ಮುಂದೆ ಪ್ರೇಷಿತರು ಚೀಟಿ ಹಾಕಿದ ಪ್ರಸಂಗ ಎಲ್ಲಿಯೂ ಬರುವುದಿಲ್ಲ. ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯದಲ್ಲಿ, ದಿನನಿತ್ಯದ ಹಂಚಿಕೆಯಲ್ಲಿ ಗ್ರೀಕ್ ಮಾತನಾಡುವ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬ ದೂರು ಬಂದಾಗ, ಅವರು ಅದನ್ನು ಅದೃಷ್ಟಕ್ಕೆ ಬಿಡಲಿಲ್ಲ, ವಿಧವೆಯರ ಹಣೆಬರಹವೆನ್ನಲಿಲ್ಲ. ಪವಿತ್ರಾತ್ಮಭರಿತರೂ ಜ್ಞಾನಿಗಳೂ ಆದ ಏಳು ಜನರನ್ನು ಆರಿಸಿ, ಅವರಿಗೆ ಆ ಜವಾಬ್ದಾರಿಯನ್ನು ವಹಿಸಿದರು.

ನಾನು ಆ ತಾಯಿಯ ಮನೆಗೆ ಮತ್ತೆ ಹೋದೆ. ಅಣ್ಣತಮ್ಮಂದಿರನ್ನು ಕೂರಿಸಿಕೊಂಡು, ಅಂದು ಬರೆದ ಚೀಟಿಗಳು ತಪ್ಪಾಗಿದ್ದವು, ಆ ತಪ್ಪು ನನ್ನದೇ ಎಂದು ಹೇಳಿದೆ. ಆಶೀರ್ವದಿಸಿದ್ದನ್ನು ಮತ್ತೆ ಬಿಚ್ಚುವುದು ಸುಲಭವಲ್ಲ. ಒಬ್ಬನು ಕೋಪಿಸಿಕೊಂಡನು, ಕೆಲವು ತಿಂಗಳು ಚರ್ಚಿಗೆ ಬರಲಿಲ್ಲ. ಅನೇಕ ಭೇಟಿಗಳ ನಂತರ ಹಳೆಯ ಮನೆಯ ಮುಂದಿನ ಭಾಗವೂ ತೆಂಗಿನ ತೋಟದ ಒಂದು ತುಂಡೂ ತಾಯಿಯ ಹೆಸರಿಗೆ ಬಂದವು. ಕಾನೂನು ಹೇಳುವಷ್ಟಲ್ಲ. ಮದುವೆಯಾಗಿ ಹೋದ ತಂಗಿಯ ಪಾಲಿನ ಮಾತು ಇನ್ನೂ ಮುಗಿದಿಲ್ಲ. ವೃದ್ಧಾಶ್ರಮದ ಪತ್ರವನ್ನು ಮಾತ್ರ ನಾನು ಬರೆಯಬೇಕಾಗಿ ಬರಲಿಲ್ಲ. ಆ ತಾಯಿ ಈಗಲೂ ತಮ್ಮ ಜಗಲಿಯ ಮೇಲೆ ಕುಳಿತು ಜಪಸರ ಹೇಳುತ್ತಾರೆಂದು ಕೇಳಿದ್ದೇನೆ.

'ಪಾಲಿಗೆ ಬಂದದ್ದು ಪಂಚಾಮೃತ' ಎಂಬ ನನ್ನ ತಂದೆಯವರ ಮಾತನ್ನು ನಾನು ಈಗಲೂ ನಂಬುತ್ತೇನೆ. ತನ್ನ ಪಾಲಿನ ಕಲ್ಲು ಹೊಲವನ್ನು ಕುರಿತು ಅವರು ಅದನ್ನು ಹೇಳಿದರು, ಆದ್ದರಿಂದ ಅದು ದೊಡ್ಡ ಮಾತಾಯಿತು. ಅದೇ ಗಾದೆಯನ್ನು ಪಾಲು ಸಿಗದವರಿಗೆ, ಅಥವಾ ಕಡಿಮೆ ಪಾಲು ಕೊಟ್ಟವರಿಗೆ ನಾವು ಹೇಳಿದರೆ ಅದು ಅನ್ಯಾಯವಾಗುತ್ತದೆ. ಬಡವನನ್ನು, ವಿಧವೆಯನ್ನು, ಮನೆಯ ಹೆಣ್ಣುಮಕ್ಕಳನ್ನು ತೋರಿಸಿ 'ಅವರ ಪಾಲಿಗೆ ಬಂದದ್ದು ಅಷ್ಟೇ, ದೈವೇಚ್ಛೆ' ಎನ್ನುವ ಮೊದಲು, ಆ ಚೀಟಿಯನ್ನು ಬರೆದವರು ಯಾರೆಂದು ಕೇಳಿಕೊಳ್ಳಬೇಕು. ಎತ್ತುವ ಕೈಯನ್ನು ದೇವರಿಗೆ ಒಪ್ಪಿಸಬಹುದು. ಬರೆಯುವ ಕೈ ನಮ್ಮದು.

ಮುಂದಿನ ಭಾನುವಾರ ಆ ಹುಡುಗಿಗೆ ಮಾತು ಕೊಟ್ಟಂತೆ ಪದದ ಕಥೆಯನ್ನು ಹೇಳಿದೆ. ಮರದ ಚಕ್ಕೆ, ಪಾಲು, ರಾಶಿ, ಬಹಳ ಎಂದು ಹಲಗೆಯ ಮೇಲೆ ಬರೆದೆ. ಪವಿತ್ರ ಗ್ರಂಥದಲ್ಲಿ ಚೀಟಿ ಹಾಕಿದ ಪ್ರಸಂಗಗಳಲ್ಲಿ ನೆನಪಿರುವುದನ್ನು ಹೇಳಿರೆಂದಾಗ, ಮಕ್ಕಳೆಲ್ಲ ಒಟ್ಟಿಗೆ ಕೂಗಿದ್ದು ಶಿಲುಬೆಯ ಬುಡದ ಪ್ರಸಂಗವನ್ನು. ಸೈನಿಕರು ಯೇಸುಸ್ವಾಮಿಯ ಉಡುಪುಗಳನ್ನು ನಾಲ್ಕು ಪಾಲು ಮಾಡಿಕೊಂಡು, ಹೊಲಿಗೆಯಿಲ್ಲದ ಒಳಂಗಿಗಾಗಿ ಚೀಟಿ ಹಾಕಿದರು. ಶುಭಸಂದೇಶಕಾರ ಯೊವಾನ್ನನು ಅದನ್ನು ಹೇಳಿದ ಮರುಕ್ಷಣವೇ ಶಿಲುಬೆಯ ಬಳಿ ನಿಂತಿದ್ದ ಮಾತೆ ಮರಿಯಳ ಕಡೆಗೆ ನಮ್ಮ ಕಣ್ಣನ್ನು ತಿರುಗಿಸುತ್ತಾನೆ. ಕೆಳಗೆ ಚೀಟಿ ನಡೆಯುತ್ತಿರುವಾಗ ಮೇಲಿದ್ದವನು ತನ್ನ ತಾಯಿ ಯಾರ ಮನೆಯಲ್ಲಿ ಇರಬೇಕೆಂಬುದನ್ನು ಗೊತ್ತು ಮಾಡುತ್ತಿದ್ದನು. ಹಂಚಲು ಅವನ ಬಳಿ ಬೇರೇನೂ ಉಳಿದಿರಲಿಲ್ಲ. ಇದ್ದ ಒಂದೇ ಅಂಗಿ ಪರರ ಪಾಲಾಗಿತ್ತು. ಆದರೂ ತಾಯಿಯನ್ನು ಅದೃಷ್ಟಕ್ಕೆ ಬಿಡಲಿಲ್ಲ. ಪ್ರೀತಿಯ ಶಿಷ್ಯನನ್ನು ಹೆಸರಿಸಿದಂತೆಯೇ ತೋರಿಸಿ ಒಪ್ಪಿಸಿದನು. ಆ ಗಳಿಗೆಯಿಂದ ಶಿಷ್ಯನು ಆಕೆಯನ್ನು ತನ್ನ ಮನೆಗೆ ಕರೆದುಕೊಂಡು ಹೋದನು.

ಈ ವರ್ಷ ನಿಮ್ಮ ಮನೆಯಲ್ಲಿ ಪಾಲಿನ ಮಾತು ಬಂದರೆ, ಪ್ರಾರ್ಥನೆ ಹೇಳಲು ನಿಮ್ಮ ಗುರುಗಳನ್ನು ಅಗತ್ಯವಾಗಿ ಕರೆಯಿರಿ. ಆದರೆ ಅವರು ಶಿಲುಬೆಯ ಗುರುತು ಹಾಕುವ ಮೊದಲು ಮಡಿಸಿದ ಚೀಟಿಗಳನ್ನು ಒಮ್ಮೆ ಬಿಚ್ಚಿ ಎಣಿಸಿರಿ. ಕಂಬಕ್ಕೆ ಒರಗಿ ಕುಳಿತವರ ಹೆಸರು ಅವುಗಳಲ್ಲಿ ಇದೆಯೇ ಎಂದು ನೋಡಿರಿ.